ಬೂತಾಯಿಯ ತಟ್ಟೆಯಲ್ಲಿ ಏನಿದೆ?

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ: "ನಮ್ಮ ಪಶ್ಚಿಮದ ಕಡಲಿನಲ್ಲಿ ಹುಲ್ಲು ಕಡಿಮೆಯಾಗುತ್ತಿದೆ." ಹುಲ್ಲು ಅಂದಿದ್ದು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಪ್ಲವಕಗಳನ್ನು. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದೂ ಕಡಲಿನಿಂದ ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರಿನಿಂದ. ನಾನು ಗಂಗೊಳ್ಳಿ ಕಡೆಯವಳು. ಬೆಂಗಳೂರಿನಲ್ಲಿ 31 ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತಳಾದೆ. ನಿಮ್ಮ ಪತ್ರಗಳನ್ನು ಓದುತ್ತಾ ನಿಜವಾಗಿ ಖುಷಿಯಾಯಿತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಕಡಲಿನ ಪ್ರಶ್ನೆಗಳಿಗೆ ಮಾತ್ರ ಉತ್ತರ.

ಮೇಡಂ, ನಾನು ಮಂಗಳೂರಿನವಳು. ಮದುವೆಯಾಗಿ ಇಲ್ಲಿಗೆ ಬಂದು 22 ವರ್ಷ. ಕೆಲವು ವರ್ಷಗಳ ಹಿಂದೆ ಬೂತಾಯಿ ಸಿಗುವುದೇ ನಿಂತುಹೋಗಿತ್ತು. ಸಿಕ್ಕರೂ ಸಣ್ಣ ಸಣ್ಣದು, ಮೈಯಲ್ಲಿ ಕೊಬ್ಬೇ ಇಲ್ಲ. ಈಗ ಮತ್ತೆ ಬರುತ್ತಿದೆ. ಮೀನಿನವರನ್ನು ಕೇಳಿದರೆ "ಕಡಲಲ್ಲಿ ಅದಕ್ಕೆ ಊಟ ಇರ್ಲಿಲ್ಲ ಅಕ್ಕಾ" ಅಂದರು. ಅಷ್ಟು ದೊಡ್ಡ ಕಡಲಿನಲ್ಲಿ ಊಟ ಇಲ್ಲ ಅಂದರೆ ಏನರ್ಥ?
— ರಾಜಾಜಿನಗರದ ಓದುಗರು

ನಿಮ್ಮ ಮೀನಿನವರು ಹೇಳಿದ್ದು ಸರಿ. ಪೂರ್ತಿ ಕಥೆ ಅಲ್ಲ, ಆದರೆ ಕಥೆಯ ಬುಡ ಅದೇ.

ನೀವು ಬೂತಾಯಿ ಅನ್ನುವುದಕ್ಕೆ ನಮ್ಮ ಕುಂದಾಪುರದ ಕಡೆ ಬೈಗೆ ಅನ್ನುತ್ತಾರೆ. ಕೇರಳದವರಿಗೆ ಅದು ಮತ್ತಿ, ಕೊಂಕಣಿಯವರಿಗೆ ತಾರ್ಲೆ. ನನ್ನ ಬಾಲ್ಯದಲ್ಲಿ ಅದು ಬಡವರ ಮೀನು. ಜಾಸ್ತಿ ಬಿದ್ದ ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಮಳೆಗಾಲ ಇಳಿಯುವ ಹೊತ್ತಿಗೆ ಬರುತ್ತಿದ್ದ ಬೈಗೆಯನ್ನು ಅಮ್ಮ ಕಾವಲಿಗೆ ಹಾಕಿದರೆ ಎಣ್ಣೆ ಬಿಡಬೇಕಾಗಿರಲಿಲ್ಲ. ಮೀನೇ ಎಣ್ಣೆ ಬಿಟ್ಟುಕೊಂಡು ತನ್ನ ಎಣ್ಣೆಯಲ್ಲೇ ಬೇಯುತ್ತಿತ್ತು.

ಆ ಎಣ್ಣೆ ಎಲ್ಲಿಂದ ಬಂತು ಅಂತ ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ. ಬೂತಾಯಿಯ ಹೊಟ್ಟೆ ಸೀಳಿ, ಒಳಗಿದ್ದದ್ದರಲ್ಲಿ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಸಾಲಾಗಿ ನಿಂತ ಕಂದು ಕಡ್ಡಿಗಳು. ಅವು ಡಯಾಟಮ್‌ಗಳು. ಒಂದೇ ಕೋಶದ ಜೀವಿ, ಸುತ್ತ ಗಾಜಿನಂಥ ಸಿಲಿಕದ ಚಿಪ್ಪು, ಒಳಗೆ ಪತ್ರಹರಿತ್ತು ಮತ್ತು ಎಣ್ಣೆಯ ಹನಿ. ಬಿಸಿಲು ತಿಂದು ಎಣ್ಣೆ ಕೂಡಿಡುವ ಜೀವಿ ಅದು. ಮೀನೆಣ್ಣೆಯ ಮಾತ್ರೆಯಲ್ಲಿರುವ ಒಮೆಗಾ-3 ಕೊಬ್ಬನ್ನು ಮೀನು ತಾನಾಗಿ ತಯಾರಿಸುವುದು ತೀರಾ ಕಡಿಮೆ. ತಯಾರಿಸುವುದು ಈ ತೇಲುವ ಸಸ್ಯಗಳು, ಮೀನು ಅದನ್ನು ತಿಂದು ಮೈಗೂಡಿಸಿಕೊಳ್ಳುತ್ತದೆ. ಬೂತಾಯಿಯ ಕಿವಿರಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾದ ಜರಡಿ ಇದೆ. ಬಾಯಿ ತೆರೆದು ಈಜಿದರೆ ಸಾಕು, ನೀರು ಹೊರಗೆ ಹೋಗುತ್ತದೆ, ಡಯಾಟಮ್ ಒಳಗೆ ಉಳಿಯುತ್ತದೆ. ಫ್ರಾಜಿಲೇರಿಯ ಓಶಿಯಾನಿಕ ಅನ್ನುವ ಡಯಾಟಮ್ ಚೆನ್ನಾಗಿ ಬೆಳೆದ ವರ್ಷ ಬೂತಾಯಿಯೂ ಚೆನ್ನಾಗಿ ಬೀಳುತ್ತದೆ ಅಂತ ನಮ್ಮ ದೇಶದ ಸಂಶೋಧಕರು 1950ರ ದಶಕದಲ್ಲೇ ಬರೆದಿಟ್ಟಿದ್ದಾರೆ.

ಇನ್ನು ಈ ಡಯಾಟಮ್‌ಗೆ ಊಟ ಬೇಕಲ್ವಾ? ಬಿಸಿಲು ಮೇಲಿನಿಂದ ಸಿಗುತ್ತದೆ. ಆದರೆ ನೈಟ್ರೇಟ್, ಫಾಸ್ಫೇಟ್, ಸಿಲಿಕ ಇರುವುದು ಕೆಳಗಿನ ತಣ್ಣನೆ ನೀರಿನಲ್ಲಿ. ಸತ್ತದ್ದೆಲ್ಲ ಕೆಳಗೆ ಇಳಿಯುತ್ತದೆ, ಗೊಬ್ಬರವೂ ಅಲ್ಲೇ ಸೇರುತ್ತದೆ. ಅದನ್ನು ಮೇಲಕ್ಕೆ ತರುವುದು ನಮ್ಮ ಮುಂಗಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಗಾಳಿ ಕೇರಳ, ಕರ್ನಾಟಕದ ದಡದ ಮೇಲ್ನೀರನ್ನು ಹೊರಕ್ಕೆ ದೂಡುತ್ತದೆ. ಆ ಜಾಗಕ್ಕೆ ಕೆಳಗಿನ ನೀರು ಗೊಬ್ಬರ ಹೊತ್ತುಕೊಂಡು ಮೇಲೇಳುತ್ತದೆ. ನಾವು ಕರಾವಳಿಯ ಮಕ್ಕಳು ಮಳೆಗಾಲದ ಕಡಲನ್ನು ಮನೆ ಜಗಲಿಯಿಂದ ನೋಡಿ ಹೆದರುತ್ತಿದ್ದೆವು. ಆ ಅಬ್ಬರದ ಕೆಳಗೆ ವರ್ಷದ ಬಿತ್ತನೆ ನಡೆಯುತ್ತಿತ್ತು ಅಂತ ಆಗ ಯಾರಿಗೆ ಗೊತ್ತಿತ್ತು?

ಮೇಲ್ನೀರು ಜಾಸ್ತಿ ಬಿಸಿಯಾದರೆ ಈ ಕೆಲಸ ಕೆಡುತ್ತದೆ. ಬಕೆಟ್ಟಿಗೆ ಕಾಯಿಲ್ ಹಾಕಿ ನೀರು ಕಾಯಿಸಿದವರಿಗೆಲ್ಲ ಇದು ಗೊತ್ತು. ಮೇಲೆ ಕೈಯಿಟ್ಟರೆ ಸುಡುತ್ತದೆ, ತಳದಲ್ಲಿ ಇನ್ನೂ ತಣ್ಣಗೆ. ಬಿಸಿ ನೀರು ಹಗುರ, ಅದು ಮೇಲೇ ಕೂತುಬಿಡುತ್ತದೆ. ಚೆಂಬು ಹಾಕಿ ಕಲಕಿದರೆ ಮಾತ್ರ ಬೆರೆಯುತ್ತದೆ. ಕಡಲಿನಲ್ಲಿ ಕಲಕುವ ಕೆಲಸ ಗಾಳಿಯದು. ಮೇಲಿನ ಪದರ ಬಿಸಿಯಾದಷ್ಟೂ ಗಾಳಿಗೆ ಕಲಕುವುದು ಕಷ್ಟ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಳೆದ ನೂರು ವರ್ಷಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ಸುಮಾರು 1.2 ಡಿಗ್ರಿ ಬಿಸಿಯಾಗಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2016ರಲ್ಲಿ ಲೆಕ್ಕ ಕೊಟ್ಟರು: ಆ ಭಾಗದಲ್ಲಿ ಅರವತ್ತು ವರ್ಷಗಳಲ್ಲಿ ಸಸ್ಯಪ್ಲವಕ ಶೇ. 20ರವರೆಗೆ ಇಳಿದಿದೆ. ನಾನು ಹೋದ ತಿಂಗಳು ಬರೆದ ಸಾಲಿನ ಹಿಂದೆ ಇದ್ದದ್ದು ಈ ಲೆಕ್ಕ.

ಈಗ ಬೂತಾಯಿಯ ಲೆಕ್ಕ ನೋಡಿ. ಕೇರಳದಲ್ಲಿ 2012ರಲ್ಲಿ ಬಿದ್ದದ್ದು ಸುಮಾರು 4 ಲಕ್ಷ ಟನ್. 2021ರಲ್ಲಿ 3,297 ಟನ್. ಲಕ್ಷ ಅಲ್ಲ, ಬರೀ ಮೂರು ಸಾವಿರ ಚಿಲ್ಲರೆ. ನೀವು ಬೂತಾಯಿ ಕಾಣದೆ ಹುಡುಕುತ್ತಿದ್ದ ಕಾಲ ಅದು. ಆಮೇಲೆ ಚೇತರಿಸಿಕೊಂಡು ಅಲ್ಲಿ ಮತ್ತೆ ಒಂದು ಲಕ್ಷ ಟನ್ ದಾಟಿತು.

ಎಲ್ಲವನ್ನೂ ಊಟದ ಮೇಲೆ ಹಾಕುವುದು ತಪ್ಪು. ಬೂತಾಯಿ ಎರಡು ಮೂರು ವರ್ಷ ಬದುಕುವ ಮೀನು, ಒಂದು ವರ್ಷದೊಳಗೆ ಮೊಟ್ಟೆಗೆ ಬರುತ್ತದೆ. ಮರಿ ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ ಪ್ಲವಕ ಸಿಗಬೇಕು. ಎರಡು ವಾರ ಹಿಂದೆ ಮುಂದೆ ಆದರೂ ಆ ವರ್ಷದ ಮರಿಗಳು ಹೋದವು. 2015ರ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ನಮ್ಮ ಕಡೆಯ ಹವೆಯನ್ನೂ ಏರುಪೇರು ಮಾಡುವ ವಿದ್ಯಮಾನ, ಆ ಹೊತ್ತನ್ನು ಕೆಡಿಸಿತು. ಅಷ್ಟರ ಮೇಲೆ ನಾವು ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೇ ಬಾಚಿ, ಮೀನನ್ನು ಪುಡಿ ಮಾಡುವ ಫಿಶ್‌ಮಿಲ್ಲಿಗೆ ಹಾಕಿದೆವು. 1940ರ ದಶಕದಲ್ಲೂ ಬೂತಾಯಿ ಹೀಗೇ ಕಾಣೆಯಾಗಿ ಮತ್ತೆ ಬಂದಿತ್ತು. ಏರಿಳಿತ ಅದರ ಹುಟ್ಟುಗುಣ. ನನಗೆ ಭಯ ಇರುವುದು ಇಳಿತದ ಬಗ್ಗೆ ಅಲ್ಲ. ಇಳಿದ ಮೇಲೆ ಏರುವುದಕ್ಕೆ ಬೇಕಾದ ಡಯಾಟಮ್ ಬೆಳೆ ಪ್ರತಿ ಮುಂಗಾರಿನಲ್ಲೂ ಸಿಗುತ್ತದೋ ಇಲ್ಲವೋ ಅನ್ನುವುದರ ಬಗ್ಗೆ.

ಮಿಸ್, ನಾನು ದ್ವಿತೀಯ ಪಿಯುಸಿ. ಪುಸ್ತಕದಲ್ಲಿ ಕಡಲಿನ ಜೀವರಾಶಿಯ ಪಿರಮಿಡ್ ತಲೆಕೆಳಗಾಗಿರುತ್ತದೆ ಅಂತ ಇದೆ. ಕೆಳಗೆ ಉತ್ಪಾದಕರು, ಅಂದರೆ ಬಿಸಿಲಿನಿಂದ ಊಟ ತಯಾರಿಸುವ ಸಸ್ಯಗಳು ಕಡಿಮೆ, ಮೇಲೆ ತಿನ್ನುವವರು ಜಾಸ್ತಿ. ಅದು ಹೇಗೆ ಸಾಧ್ಯ? ಮತ್ತೆ, ಉತ್ಪಾದಕರು ಶೇ. 10 ಕಡಿಮೆಯಾದರೆ ಮೀನೂ ಶೇ. 10 ಕಡಿಮೆಯಾಗುತ್ತಾ?
— ವಿಜಯನಗರದ ವಿದ್ಯಾರ್ಥಿನಿ

ಪುಟ್ಟೀ, ಎರಡೂ ಒಳ್ಳೆಯ ಪ್ರಶ್ನೆ. ಎರಡನೆಯದು ನಿನ್ನ ಪಠ್ಯಪುಸ್ತಕ ದಾಟಿ ಹೋಗಿದೆ.

ಮೊದಲನೆಯದಕ್ಕೆ ನಿಮ್ಮ ಮನೆ ಹತ್ತಿರದ ದರ್ಶಿನಿಗೆ ಬೆಳಿಗ್ಗೆ ಎಂಟು ಗಂಟೆಗೆ ಹೋಗು. ಇಡ್ಲಿ ಪಾತ್ರೆಯಲ್ಲಿ ಒಂದು ಹೊತ್ತಿಗೆ ಇರುವುದು ಐವತ್ತು ಅರವತ್ತು ಇಡ್ಲಿ. ಹೊರಗೆ ನಿಂತು ತಿನ್ನುತ್ತಿರುವವರು ಅದಕ್ಕಿಂತ ಜಾಸ್ತಿ. ಆದರೂ ಯಾರೂ ಹಸಿದು ಹೋಗುವುದಿಲ್ಲ. ಯಾಕೆ? ಹತ್ತು ನಿಮಿಷಕ್ಕೊಂದು ಒಬ್ಬೆ ಇಳಿಯುತ್ತಲೇ ಇರುತ್ತದೆ. ಆ ಕ್ಷಣ ಫೋಟೊ ತೆಗೆದರೆ ಇಡ್ಲಿ ಕಡಿಮೆ, ಜನ ಜಾಸ್ತಿ. ಅದೇ ತಲೆಕೆಳಗಾದ ಪಿರಮಿಡ್. ಸಸ್ಯಪ್ಲವಕ ಒಂದೆರಡು ದಿನದಲ್ಲಿ ಇಮ್ಮಡಿಯಾಗುತ್ತದೆ, ಹುಟ್ಟಿದಷ್ಟೇ ವೇಗದಲ್ಲಿ ತಿಂದುಹೋಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದ ಪ್ರಕಾರ ಇಡೀ ಕಡಲಿನ ಉತ್ಪಾದಕರಲ್ಲಿರುವ ಇಂಗಾಲ ಸುಮಾರು 100 ಕೋಟಿ ಟನ್. ಅವನ್ನು ನೆಚ್ಚಿಕೊಂಡವರಲ್ಲಿ, ಬ್ಯಾಕ್ಟೀರಿಯ ಸೇರಿಸಿ, ಸುಮಾರು 500 ಕೋಟಿ ಟನ್. ಭೂಮಿಯ ಒಟ್ಟು ಸಸ್ಯರಾಶಿಯಲ್ಲಿ ಶೇ. 1ಕ್ಕಿಂತ ಕಡಿಮೆ ಇರುವ ಈ ಪ್ಲವಕ, ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಮಾಡುತ್ತದೆ.

ಕಾಡಿನಲ್ಲಿ ಒಂದು ವರ್ಷ ಮಳೆ ಹೋದರೂ ಮರದ ಕಾಂಡದಲ್ಲಿ ಕೂಡಿಟ್ಟದ್ದು ಇರುತ್ತದೆ. ಕಡಲಿನಲ್ಲಿ ಕಾಂಡ ಇಲ್ಲ, ಕಣಜ ಇಲ್ಲ. ಒಲೆ ಆರಿದರೆ ಸಾಲಿನಲ್ಲಿ ನಿಂತವರಿಗೆ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ತಲೆಕೆಳಗಾದ ಪಿರಮಿಡ್ಡಿನ ನಿಜವಾದ ಪಾಠ ಇದು. ಪರೀಕ್ಷೆಯಲ್ಲಿ ಚಿತ್ರ ಬರೆಯುವಾಗ ಪಕ್ಕದಲ್ಲಿ ಈ ಒಂದು ಮಾತನ್ನೂ ಬರೆ.

ಈಗ ಎರಡನೆಯದು. ಒಂದು ಹಂತದಿಂದ ಮೇಲಿನ ಹಂತಕ್ಕೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಮಾತ್ರ ದಾಟುತ್ತದೆ ಅಂತ ಓದಿದ್ದೀಯ. ರೇಮಂಡ್ ಲಿಂಡೆಮನ್ ಅನ್ನುವ ಅಮೆರಿಕದ ಹುಡುಗ ಒಂದು ಕೆರೆಯನ್ನು ವರ್ಷಗಟ್ಟಲೆ ನೋಡಿ ಹಂತದಿಂದ ಹಂತಕ್ಕೆ ಶಕ್ತಿ ಹರಿಯುವ ಲೆಕ್ಕ ಕಟ್ಟಿದ. ಆ ಬರಹ 1942ರಲ್ಲಿ ಅಚ್ಚಾಗುವ ಮುಂಚೆಯೇ 26ನೇ ವಯಸ್ಸಿಗೆ ತೀರಿಕೊಂಡ. ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಅವನ ವಯಸ್ಸನ್ನು ಹೇಳದೆ ನಾನು ಮುಂದೆ ಹೋಗಿಲ್ಲ.

1,000 ಕಿಲೋ ಡಯಾಟಮ್ ಇದೆ ಅಂದುಕೋ. ಬೂತಾಯಿ ನೇರವಾಗಿ ತಿಂದರೆ 100 ಕಿಲೋ ಬೂತಾಯಿ. ಅದನ್ನು ತಿಂದು 10 ಕಿಲೋ ಅಂಜಲ್ ಅನ್ನುವ ದೊಡ್ಡ ಮೀನು. ಎರಡೇ ಮೆಟ್ಟಿಲು. ಈಗ ನೀರು ಬಿಸಿಯಾಗಿ ಗೊಬ್ಬರ ಕಡಿಮೆಯಾಯಿತು. ಗೊಬ್ಬರ ಕಡಿಮೆ ಇರುವ ನೀರಿನಲ್ಲಿ ದೊಡ್ಡ ಡಯಾಟಮ್ ಸೋಲುತ್ತದೆ, ಸಣ್ಣ ಕೋಶ ಗೆಲ್ಲುತ್ತದೆ. ಸಣ್ಣದಕ್ಕೆ ಮೈಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ, ಹೀರಿಕೊಳ್ಳುವುದು ಸುಲಭ. ಅಂಥ ನೀರಿನ ರಾಜ ಪ್ರೋಕ್ಲೋರೋಕಾಕಸ್, ಒಂದು ಮಿಲಿಮೀಟರಿನ ಸಾವಿರ ಭಾಗ ಮಾಡಿದರೆ ಅದರಲ್ಲೂ ಅರ್ಧಕ್ಕಿಂತ ಚೂರು ದೊಡ್ಡದು. 1980ರ ದಶಕದವರೆಗೆ ಅದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಇಷ್ಟು ಸಣ್ಣದನ್ನು ಬೂತಾಯಿಯ ಜರಡಿ ಹಿಡಿಯುವುದಿಲ್ಲ. ಮೊದಲು ಏಕಕೋಶ ಜೀವಿ ತಿನ್ನಬೇಕು, ಅದನ್ನು ಇನ್ನೊಂದು, ಅದನ್ನು ಕೋಪಿಪಾಡ್ ಅನ್ನುವ ಅಕ್ಕಿನುಚ್ಚಿನಷ್ಟು ಸೀಗಡಿ ಬಳಗದ ಜೀವಿ, ಆಮೇಲೆ ಮೀನು. ಅದೇ 1,000 ಕಿಲೋ ಹಸಿರಿನಿಂದ ಮೇಲಕ್ಕೆ ಬಂದ ಸಣ್ಣ ಮೀನು 100 ಗ್ರಾಂ. ನೂರು ಕಿಲೋ ಎಲ್ಲಿ, ನೂರು ಗ್ರಾಂ ಎಲ್ಲಿ!

ನೋಡು, ಹಸಿರು ಒಂದು ಗ್ರಾಂ ಕೂಡ ಕಡಿಮೆಯಾಗಿಲ್ಲ. ಬದಲಾದದ್ದು ಯಾರು ಬೆಳೆದರು ಅನ್ನುವುದು ಮಾತ್ರ. ಜಾನ್ ರೈಥರ್ ಅನ್ನುವ ಸಾಗರ ವಿಜ್ಞಾನಿ 1969ರಲ್ಲೇ ಈ ಮೆಟ್ಟಿಲುಗಳ ಲೆಕ್ಕ ಮಾಡಿ, ತೆರೆದ ಸಾಗರದಲ್ಲಿ ಐದು ಮೆಟ್ಟಿಲು, ಕೆಳನೀರು ಮೇಲೇಳುವ ದಡಗಳಲ್ಲಿ ಒಂದೂವರೆ ಎರಡು ಅಂತ ತೋರಿಸಿದ್ದ. ಪ್ರಪಂಚದ ಮೀನಿನ ದೊಡ್ಡ ಪಾಲು ಸಣ್ಣ ಸಣ್ಣ ದಡಗಳಿಂದ ಬರುವುದು ಇದಕ್ಕೇ. ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ಶೇ. 10ಕ್ಕೆ ನಿಲ್ಲುವುದಿಲ್ಲ. ಕೆಳಗಿನ ಇಳಿತ ಮೇಲೆ ಹೋಗುತ್ತಾ ದೊಡ್ಡದಾಗುತ್ತದೆ. ಹಲವು ಮಾದರಿಗಳನ್ನು ಒಟ್ಟಿಗೆ ಓಡಿಸಿ 2019ರಲ್ಲಿ ಮಾಡಿದ ಲೆಕ್ಕದಲ್ಲಿ, ಪ್ರತಿ 1 ಡಿಗ್ರಿ ಬಿಸಿಗೆ ಕಡಲಿನ ಪ್ರಾಣಿರಾಶಿ ಸುಮಾರು ಶೇ. 5 ಇಳಿಯುತ್ತದೆ ಅಂತ ಬಂತು.

ಒಂದು ನಿಜ ಘಟನೆ ಹೇಳುತ್ತೇನೆ. 2014ರಿಂದ 2016ರವರೆಗೆ ಅಲಾಸ್ಕದಿಂದ ಕ್ಯಾಲಿಫೋರ್ನಿಯದವರೆಗೆ ಕಡಲು ತುಂಬಾ ಬಿಸಿಯಾಗಿತ್ತು. ಕೊಬ್ಬು ತುಂಬಿದ ತಣ್ಣೀರಿನ ಕೋಪಿಪಾಡ್ ಹೋಗಿ, ಬೆಚ್ಚನೆ ನೀರಿನ ಸಣಕಲು ಕೋಪಿಪಾಡ್ ಬಂದವು. ಅವನ್ನು ತಿಂದ ಸಣ್ಣ ಮೀನಿನಲ್ಲೂ ಕೊಬ್ಬಿಲ್ಲ. ಆ ಮೀನನ್ನು ನಂಬಿದ ಮರ್ ಅನ್ನುವ ಕಡಲಹಕ್ಕಿಗಳು ಹಸಿವಿನಿಂದ ಸತ್ತು ದಡಕ್ಕೆ ಬಿದ್ದವು. ಜನ ಎಣಿಸಿದ್ದೇ ಸುಮಾರು 62,000. ಕಡಲಿನಲ್ಲೇ ಮುಳುಗಿಹೋದವು ಅದಕ್ಕಿಂತ ಎಷ್ಟೋ ಪಟ್ಟು.

ವಾಟ್ಸಾಪಿನಲ್ಲಿ ಒಂದು ಮೆಸೇಜು ಸುತ್ತುತ್ತಿದೆ. ನಾವು ಉಸಿರಾಡುವ ಆಮ್ಲಜನಕದಲ್ಲಿ ಅರ್ಧ ಕಡಲಿನ ಪ್ಲವಕದ್ದು, ಅದು ಸತ್ತರೆ ನಾವೆಲ್ಲ ಉಸಿರುಗಟ್ಟಿ ಸಾಯುತ್ತೇವೆ ಅಂತ. ನಿಜವಾ?
— ಯಶವಂತಪುರದ ಓದುಗರು

ಭೂಮಿಯಲ್ಲಿ ಪ್ರತಿ ವರ್ಷ ತಯಾರಾಗುವ ಆಮ್ಲಜನಕದಲ್ಲಿ ಹತ್ತಿರ ಹತ್ತಿರ ಅರ್ಧ ಪ್ಲವಕದ್ದು ಅನ್ನುವಷ್ಟು ಮಟ್ಟಿಗೆ ಮೊದಲರ್ಧ ನಿಜ. ಎರಡನೆಯದು ಅಲ್ಲ. ಪ್ಲವಕ ಬಿಡುವ ಆಮ್ಲಜನಕದ ಬಹುಪಾಲನ್ನು ಕಡಲಿನ ಜೀವಿಗಳೇ ಉಸಿರಾಡಿ, ಸತ್ತದ್ದು ಕೊಳೆತು, ಅಲ್ಲೇ ಖರ್ಚಾಗುತ್ತದೆ. ಗಾಳಿಯಲ್ಲಿರುವ ಶೇ. 21 ಆಮ್ಲಜನಕ ಕೋಟ್ಯಂತರ ವರ್ಷಗಳ ಉಳಿತಾಯ. ನಾಳೆಯೇ ಪ್ಲವಕ ನಿಂತರೂ ಅದು ಸಾವಿರಾರು ವರ್ಷ ಸಾಕಾಗುತ್ತದೆ. ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಅದು ಜನರನ್ನು ತಪ್ಪು ಕಡೆ ಹೆದರಿಸುತ್ತದೆ. ಉಸಿರು ನಿಲ್ಲುವ ಎಷ್ಟೋ ಮುಂಚೆ ನಿಲ್ಲುವುದು ಊಟ. ಮೊದಲು ಹಕ್ಕಿಯದು, ಮೀನಿನದು. ಆಮೇಲೆ ಬಲೆ ಎಳೆದು ಬದುಕುವವರದು.

ನಾನು ನಿವೃತ್ತ ಇಂಜಿನಿಯರ್. ಕಣ್ಣಿಗೆ ಕಾಣದ ಈ ಪ್ಲವಕವನ್ನು ಇಡೀ ಸಾಗರದಲ್ಲಿ ಅಳೆಯುವುದು ಹೇಗೆ? ಶೇ. 20 ಇಳಿದಿದೆ ಅನ್ನುವ ಅಂಕಿಯನ್ನು ಎಷ್ಟು ನಂಬಬಹುದು?
— ಇಂದಿರಾನಗರದ ಓದುಗರು

ಸರ್, ನಿಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಉತ್ತರ ಇದೆ. ಹಳೆ ಏರ್‌ಪೋರ್ಟ್ ರಸ್ತೆಯ ಇಸ್ರೋ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಓಷನ್‌ಸ್ಯಾಟ್ 1999ರ ಮೇ 26ರಂದು ಹಾರಿತು. ಅದರಲ್ಲಿ ಕಡಲಿನ ಬಣ್ಣ ನೋಡುವ ಕ್ಯಾಮೆರಾ ಇತ್ತು. 2009ರಲ್ಲಿ ಎರಡನೆಯದು, 2022ರ ನವೆಂಬರಿನಲ್ಲಿ ಮೂರನೆಯದು ಹೋದವು. ಪತ್ರಹರಿತ್ತು ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಬಿಟ್ಟುಕೊಡುತ್ತದೆ. ಪ್ಲವಕ ಜಾಸ್ತಿ ಇದ್ದಲ್ಲಿ ಕಡಲು ನೀಲಿಯಿಂದ ಹಸಿರಿಗೆ ವಾಲುತ್ತದೆ. ಆ ಅಳತೆಯನ್ನೂ ನೀರಿನ ಬಿಸಿಯನ್ನೂ ಸೇರಿಸಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಮುನ್ಸೂಚನೆ ಕೊಡುತ್ತದೆ. ಮಲ್ಪೆಯ ಬೋಟಿನವರ ಮೊಬೈಲಿಗೆ ಬರುವ ಆ ಸೂಚನೆ ನಿಜವಾಗಿ ಹುಲ್ಲುಗಾವಲಿನ ನಕ್ಷೆ.

ಎಷ್ಟು ನಂಬಬಹುದು? ಇಲ್ಲಿ ಮೂರು ತೊಡಕಿವೆ. ಉಪಗ್ರಹ ನೋಡುವುದು ಮೇಲಿನ ಪದರ ಮಾತ್ರ. ಎರಡನೆಯದು, ಬೆಳಕು ಜಾಸ್ತಿ ಇದ್ದರೆ ಒಂದೊಂದು ಕೋಶವೂ ತನ್ನ ಪತ್ರಹರಿತ್ತನ್ನು ಕಡಿಮೆ ಮಾಡಿಕೊಳ್ಳುತ್ತದೆ. ಆಗ ಹಸಿರು ಇಳಿದಂತೆ ಕಂಡರೂ ಪ್ಲವಕ ಅಷ್ಟು ಇಳಿದಿರುವುದಿಲ್ಲ. ಮೂರನೆಯದು ನಮ್ಮ ಕಡಲಿಗೆ ವಿಶೇಷ. ಬೆಳೆ ಜೋರಾಗಿರುವ ಜೂನ್, ಜುಲೈ, ಆಗಸ್ಟ್‌ನಲ್ಲೇ ಮೋಡ ಮುಚ್ಚಿಕೊಂಡು ಉಪಗ್ರಹಕ್ಕೆ ಕಡಲು ಕಾಣುವುದೇ ಅಪರೂಪ. 2010ರಲ್ಲಿ ಬಂದ ಒಂದು ಅಧ್ಯಯನ ಪ್ರಪಂಚದ ಪ್ಲವಕ ವರ್ಷಕ್ಕೆ ಶೇ. 1ರಂತೆ ಇಳಿಯುತ್ತಿದೆ ಅಂದಿತ್ತು. ಅದು ಹಳೆಯ ಸೆಕಿ ತಟ್ಟೆಯ ಅಳತೆಗಳನ್ನೂ ಹೊಸ ಅಳತೆಗಳನ್ನೂ ಒಟ್ಟಿಗೆ ಬೆರೆಸಿತ್ತು. ನೀರಿಗೆ ಬಿಳಿ ತಟ್ಟೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆ ಅಂತ ನೋಡುವ ವಿಧಾನ ಅದು, 1865ರಿಂದ ಇದೆ. ಬೆರೆಸಿದ್ದು ಸರಿಯಲ್ಲ ಅಂತ ಹಲವರು ತಕರಾರು ತೆಗೆದರು. ಆ ತಕರಾರು ಸರಿಯೇ ಅನ್ನುವುದು ನನ್ನ ಅಭಿಪ್ರಾಯ. ಪಶ್ಚಿಮ ಹಿಂದೂ ಮಹಾಸಾಗರದ ವಿಷಯದಲ್ಲಿ ಮಾತ್ರ ಉಪಗ್ರಹದ ಬಣ್ಣವೂ, ಬಿಸಿ ಮೇಲ್ನೀರು ಕೆಳಗಿನ ನೀರಿನ ಜೊತೆ ಬೆರೆಯದೆ ಉಳಿಯುವ ಲೆಕ್ಕವೂ ಒಂದೇ ದಿಕ್ಕು ತೋರಿಸುತ್ತವೆ. 20 ಅನ್ನುವ ಅಂಕಿಗಿಂತ ಆ ದಿಕ್ಕನ್ನು ನಾನು ನಂಬುತ್ತೇನೆ.

ಉಡುಪಿ ಕಡೆ ಪ್ರವಾಸ ಹೋದಾಗ ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತಿದ್ದವು. ಮಕ್ಕಳು ಕುಣಿದರು. ಅದು ಪ್ಲವಕ ಅಂದರು. ಹಾಗಾದರೆ ಕಡಲು ಚೆನ್ನಾಗಿದೆ ಅಂತ ತಾನೇ?
— ಬಸವೇಶ್ವರನಗರದ ಓದುಗರು

ಮಕ್ಕಳು ಕುಣಿದದ್ದು ಸರಿಯೇ. ನಾನೂ ಈ ವಯಸ್ಸಿನಲ್ಲಿ ಆ ನೀರಿಗೆ ಕಾಲಿಟ್ಟು ನಿಂತಿದ್ದೇನೆ. ನಮ್ಮ ಕರಾವಳಿಯಲ್ಲಿ ಹಾಗೆ ಹೊಳೆಯುವುದು ಬಹುಮಟ್ಟಿಗೆ ನಾಕ್ಟಿಲುಕ. ಒಂದೇ ಕೋಶ, ಆದರೂ ಬರಿಗಣ್ಣಿಗೆ ಚುಕ್ಕಿಯ ಹಾಗೆ ಕಾಣುವಷ್ಟು ದೊಡ್ಡದು. ಅದು ಡಯಾಟಮ್‌ಗಳನ್ನು ತಿನ್ನುತ್ತದೆ. ಅದರ ಹಸಿರು ತಳಿ ಹೊಟ್ಟೆಯೊಳಗೆ ಸಣ್ಣ ಪಾಚಿಗಳನ್ನು ಸಾಕಿಕೊಂಡು ಬಿಸಿಲಿನಿಂದಲೂ ಊಟ ಮಾಡುತ್ತದೆ. ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲದ ಡಯಾಟಮ್ ಬೆಳೆಯ ಜಾಗವನ್ನು ಈ ಹಸಿರು ನಾಕ್ಟಿಲುಕ ಆಕ್ರಮಿಸಿಕೊಂಡಿದೆ. ಉಪಗ್ರಹಕ್ಕೆ ಅಲ್ಲಿ ಕಡಲು ಹಸಿರಾಗಿಯೇ ಕಾಣುತ್ತದೆ. ಆದರೆ ಇದನ್ನು ತಿನ್ನುವವರು ಅಂಬಲಿ ಮೀನು, ಸಾಲ್ಪ್‌ನಂಥ ಲೋಳೆ ಜೀವಿಗಳು. ಬೂತಾಯಿ, ಬಂಗುಡೆಗೆ ಅದರಿಂದ ಉಪಯೋಗ ಕಡಿಮೆ. ಹೊಲದ ತುಂಬ ಪಾರ್ಥೇನಿಯಂ ಬೆಳೆದರೂ ದೂರದಿಂದ ಹಸಿರೇ ಅಲ್ವಾ?

ನೀವು ನೋಡಿದ ಒಂದು ರಾತ್ರಿಯಿಂದ ಕಡಲು ಕೆಟ್ಟಿದೆ ಅಂತ ಹೇಳಲಾಗುವುದಿಲ್ಲ. ನಾಕ್ಟಿಲುಕ ಹಿಂದೆಯೂ ಬರುತ್ತಿತ್ತು.

ಲಕ್ಷದ್ವೀಪದಲ್ಲಿ ಹಸಿರು ಕಡಲಾಮೆಗಳನ್ನು ನೋಡಿ ಬಂದೆವು. ಆದರೆ ಅಗತ್ತಿಯ ಮೀನುಗಾರರೊಬ್ಬರು "ಆಮೆ ಬಂದ ಮೇಲೆ ಮೀನು ಹೋಯಿತು" ಎಂದು ಬೇಸರ ಮಾಡಿಕೊಂಡರು. ಆಮೆ ಮೀನು ತಿನ್ನುವುದಿಲ್ಲವಲ್ಲ?
— ಮಲ್ಲೇಶ್ವರದ ಓದುಗರು

ಈ ಪತ್ರ ನನಗೆ ತುಂಬಾ ಹಿಡಿಸಿತು. ಆ ಮೀನುಗಾರರ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕಬಹುದಿತ್ತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಶೋಧಕರು ಹಾಗೆ ಮಾಡಲಿಲ್ಲ. ನೀರಿಗಿಳಿದು ನೋಡಿದರು. ಮೀನುಗಾರರು ಹೇಳಿದ್ದು ಸರಿ ಇತ್ತು.

ಬೆಳೆದ ಹಸಿರು ಆಮೆ ತಿನ್ನುವುದು ಮುಖ್ಯವಾಗಿ ಕಡಲಹುಲ್ಲು. ಇದು ಪಾಚಿ ಅಲ್ಲ. ಬೇರು, ಎಲೆ, ಹೂವು ಎಲ್ಲ ಇರುವ ನಿಜವಾದ ಸಸ್ಯ, ದ್ವೀಪದ ಸುತ್ತಲಿನ ತಿಳಿನೀರಿನ ಲಗೂನಿನಲ್ಲಿ ಬೆಳೆಯುತ್ತದೆ. ಅಗತ್ತಿಯಲ್ಲಿ ಆಮೆಗಳು ಎಷ್ಟು ಒತ್ತಾಗಿ ಸೇರಿದವು ಅಂದರೆ, ಹುಲ್ಲು ಮೊದಲು ಗಿಡ್ಡವಾಯಿತು, ಆಮೇಲೆ ಜಾತಿ ಬದಲಾಯಿತು, ಕೊನೆಗೆ ಬಯಲೇ ಮರಳಾಯಿತು. ಉದ್ದ ಹುಲ್ಲಿನ ನಡುವೆ ಅಡಗಿ ಬೆಳೆಯುತ್ತಿದ್ದ ಮೀನಿನ ಮರಿಗಳಿಗೆ ಮನೆಯೂ ಇಲ್ಲ, ಊಟವೂ ಇಲ್ಲ. ಆಮೆ ಒಂದು ಮೀನನ್ನೂ ಮುಟ್ಟದೆ ಮೀನು ಖಾಲಿಯಾಯಿತು. ಹುಲ್ಲು ಮುಗಿದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನಿಗೆ ಹೋದವು. ಅಲ್ಲೂ ಅದೇ ಕಥೆ.

ಇದನ್ನು ಓದಿ ಆಮೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಒಂದು ಕಾಲದಲ್ಲಿ ಈ ಆಮೆಯನ್ನು ಎಣ್ಣೆಗಾಗಿ ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವು ಚೇತರಿಸಿಕೊಂಡವು. ಅದು ಒಳ್ಳೆಯದೇ. ತೊಂದರೆ ಏನೆಂದರೆ, ಆಮೆಯನ್ನು ಬೆದರಿಸಿ ಒಂದೇ ಕಡೆ ನಿಲ್ಲದ ಹಾಗೆ ಓಡಿಸುತ್ತಿದ್ದ ದೊಡ್ಡ ಶಾರ್ಕ್‌ಗಳು ಈಗ ತೀರಾ ಕಡಿಮೆ. ಮೇಯುವವರು ವಾಪಸ್ ಬಂದರು, ಕಾಯುವವರು ಬರಲಿಲ್ಲ. ಉತ್ಪಾದಕರು ಕುಸಿಯುವುದಕ್ಕೆ ಬಿಸಿ ಒಂದೇ ಕಾರಣ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ನಮ್ಮ ದೇಶದಲ್ಲಿ ಸಿಕ್ಕಿಲ್ಲ.

ಗೊಬ್ಬರ ಕಡಿಮೆಯಾಗಿದೆ ಅಂದರೆ ಕಡಲಿಗೆ ಗೊಬ್ಬರ ಹಾಕಬಹುದಲ್ಲ?
— ಹೆಬ್ಬಾಳದ ಓದುಗರು

ಹಾಕಿ ನೋಡಿದ್ದಾರೆ. 2009ರಲ್ಲಿ ಗೋವಾದ ಸಾಗರ ವಿಜ್ಞಾನ ಸಂಸ್ಥೆಯವರು ಮತ್ತು ಜರ್ಮನಿಯವರು ಸೇರಿ ದಕ್ಷಿಣ ಮಹಾಸಾಗರದ ಸುಮಾರು 300 ಚದರ ಕಿಲೋಮೀಟರಿಗೆ ಕಬ್ಬಿಣದ ಲವಣ ಬಿಟ್ಟರು. ಪ್ಲವಕ ಬೆಳೆಯಿತು. ಆದರೆ ಆ ನೀರಿನಲ್ಲಿ ಸಿಲಿಕ ಕಡಿಮೆ ಇದ್ದದ್ದರಿಂದ ಡಯಾಟಮ್ ಬೆಳೆಯಲಿಲ್ಲ. ಬೇರೆ ಸಣ್ಣ ಜಾತಿಗಳು ಬೆಳೆದವು, ಕೋಪಿಪಾಡ್‌ಗಳು ಬಂದು ಮೇಯ್ದುಬಿಟ್ಟವು. ಪ್ಲವಕ ಗಾಳಿಯ ಇಂಗಾಲವನ್ನು ಹೀರಿ ಕಡಲ ತಳಕ್ಕೆ ಒಯ್ಯುತ್ತದಾ ಅಂತ ನೋಡುವುದು ಅವರ ಉದ್ದೇಶವಾಗಿತ್ತು, ಆದರೆ ಅಂದುಕೊಂಡಷ್ಟು ಇಂಗಾಲ ತಳಕ್ಕೆ ಇಳಿಯಲೇ ಇಲ್ಲ. ಇಲ್ಲೂ ಅದೇ, ಎಷ್ಟು ಬೆಳೆಯಿತು ಅನ್ನುವುದಕ್ಕಿಂತ ಯಾವುದು ಬೆಳೆಯಿತು ಅನ್ನುವುದೇ ಮುಖ್ಯವಾಯಿತು.

ಅಜ್ಜಿ, ನಾನು ಐದನೇ ಕ್ಲಾಸ್. ನಮ್ಮೂರಲ್ಲಿ ಕಡಲು ಇಲ್ಲ. ಪ್ಲವಕ ನೋಡೋಕೆ ಆಗುತ್ತಾ?
— ಜಯನಗರದ ಹುಡುಗ

ಆಗುತ್ತೆ ಮರಿ. ಭಾನುವಾರ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹತ್ತಿರದ ಯಾವುದಾದರೂ ಕೆರೆಗೆ ಹೋಗು. ಒಬ್ಬನೇ ನೀರಿನ ಹತ್ತಿರ ಹೋಗಬೇಡ. ದಡದಲ್ಲಿ ನೀರಿಗೆ ತಾಗಿಕೊಂಡ ಕಲ್ಲಿನ ಮೇಲೆ ಕಂದು ಬಣ್ಣದ ಜಾರು ಲೋಳೆ ಇರುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಸ್ವಲ್ಪ ಉಜ್ಜಿ ಒಂದು ಬಾಟಲಿಯ ನೀರಿಗೆ ಅದ್ದು. ಇನ್ನೊಂದು ಬಾಟಲಿಯಲ್ಲಿ ಬರೀ ಕೆರೆ ನೀರು ತುಂಬಿಕೋ. ಮನೆಗೆ ಬಂದು ಕೈ ಸೋಪಿನಲ್ಲಿ ಚೆನ್ನಾಗಿ ತೊಳೆದುಕೋ. ನಿಮ್ಮ ಸ್ಕೂಲಿನ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ ಇದ್ದರೆ ಟೀಚರನ್ನು ಕೇಳು. ಇಲ್ಲದಿದ್ದರೆ ಕಾಗದ ಮಡಿಚಿ ಮಾಡುವ ಫೋಲ್ಡ್‌ಸ್ಕೋಪ್ ಸಾಕು.

ಮೊದಲ ಬಾಟಲಿಯ ಹನಿಯಲ್ಲಿ ಸಣ್ಣ ಸಣ್ಣ ದೋಣಿಯ ಆಕಾರದ ಕಂದು ಜೀವಿಗಳು ಮೆಲ್ಲಗೆ ಜಾರುತ್ತಾ ಹೋಗುವುದು ಕಾಣುತ್ತದೆ. ಅವೇ ಡಯಾಟಮ್. ಬೂತಾಯಿ ತಿನ್ನುವುದರ ಸೋದರಸಂಬಂಧಿಗಳು. ಎರಡನೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡು. ಬಿಳಿ ಚುಕ್ಕಿಯೊಂದು ಪಟ್ ಪಟ್ ಅಂತ ಹಾರುತ್ತಾ ಹೋದರೆ ಅದು ಸೈಕ್ಲಾಪ್ಸ್, ಕೆರೆಯ ಕೋಪಿಪಾಡ್. ಅದಕ್ಕೆ ಒಂದೇ ಕಣ್ಣು. ಹನಿಯಲ್ಲಿ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೈಯೊಳಗೆ ಹಸಿರೋ ಕಂದೋ ಬಣ್ಣದ ಗೆರೆ ಕಂಡರೆ, ಅದು ಆಗಷ್ಟೇ ಊಟ ಮುಗಿಸಿದೆ ಅಂತ ಅರ್ಥ. ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದು ನನಗೆ ಕಳಿಸು. ಯಾವ ಕೆರೆ, ಯಾವ ದಿನ ಅಂತ ಕೆಳಗೆ ಬರೆಯುವುದನ್ನು ಮರೆಯಬೇಡ.